ನಾನು ಸೇದದ ಬೀಡಿ

೧೯೫೭ರಲ್ಲಿ, ಏಳನೆಯ ತರಗತಿ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ದಡ್ಡನೆಂದು ಬಿಟ್ಟದ್ದಲ್ಲ, ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಎರಡೇ ವರ್ಷದಲ್ಲಿ ದಿನಕ್ಕೆ ಸಾವಿರ ಬೀಡಿ ಕಟ್ಟುವವನಾದೆ. ಕಡಬದ ನಮ್ಮ ಕಡೆ ಆ ವಯಸ್ಸಿನಲ್ಲಿ ಅಷ್ಟು ಕಟ್ಟುವವರು ಬೇರೆ ಇದ್ದರೆ ನನಗೆ ಗೊತ್ತಿಲ್ಲ.

ಆದರೂ ಶನಿವಾರ ಬೀಡಿಯನ್ನು ಪುತ್ತೂರಿನ ಬೀಡಿ ಕಂಪನಿಯ ಡಿಪೋಗೆ ಕೊಂಡುಹೋಗಲು ಅಪ್ಪ ನನ್ನನ್ನು ಒಬ್ಬನೇ ಬಿಡುತ್ತಿರಲಿಲ್ಲ. ಜೊತೆಗೆ ಬರುತ್ತಿದ್ದರು. ಕಂಡಕ್ಟರ್ ನನಗೆ ಅರ್ಧ ಟಿಕೆಟ್ ಹರಿದರೆ ಅಪ್ಪ ಖುಷಿಯಿಂದ ಅರ್ಧ ದುಡ್ಡೇ ಕೊಡುತ್ತಿದ್ದರು. ಒಬ್ಬನೇ ಬಸ್ಸು ಹತ್ತಬೇಕು, ಅದೊಂದೇ ನನ್ನ ಆಸೆ. ಅಪ್ಪನಿಗೂ ಒಂದೇ ಸಂಶಯ: ನಾನು ಕದ್ದು ಬೀಡಿ ಸೇದುತ್ತೇನೆ ಎಂದು.

ದಿನಾ ಸಂಜೆ ಬಾಯಿ ಮೂಸುವ ಪರೀಕ್ಷೆ. ಆದರೆ ಅಪ್ಪನಿಗೆ ನಸ್ಯದ ಚಟ; ಆ ಮೂಗಿಗೆ ಮಲ್ಲಿಗೆಯೂ ಒಂದೇ, ಸೆಗಣಿಯೂ ಒಂದೇ. ಹಾಗಾಗಿ ಮೂಸುವ ಕೆಲಸ ಅಜ್ಜಿಗೆ.

"ಹೊಗೆಸೊಪ್ಪಿನ ವಾಸನೆ ಉಂಟು," ಎಂದು ಅಜ್ಜಿ ತೀರ್ಪು ಕೊಡುತ್ತಿದ್ದರು.

"ಈ ಮನೆಯಲ್ಲಿ ಯಾರಿಗೆ ಇಲ್ಲ ಅತ್ತೆ?" ಎನ್ನುತ್ತಿದ್ದಳು ಅಮ್ಮ. "ನನ್ನನ್ನು ಮೂಸಿ, ಬೆಕ್ಕನ್ನು ಮೂಸಿ. ಬೆಕ್ಕು ಸಹ ಸೇದುದಾ?"

ನಾನು ಸೇದುತ್ತಿರಲಿಲ್ಲ. ಆದರೆ ಹಟ್ಟಿಯ ಹಿಂದೆ, ದನಗಳು ಮಾತ್ರ ಕಾಣುವ ಜಾಗದಲ್ಲಿ, ನನ್ನದೊಂದು ಗುಟ್ಟಿತ್ತು. ಮೇಲ್ತುಟಿಯಲ್ಲಿ ಹನ್ನೊಂದು ಕೂದಲು ಬಂದಿದ್ದವು. ತೆಂಗಿನಕಾಯಿಯ ಗೆರಟೆ ಸುಟ್ಟು, ಆ ಕರಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿ, ಒಡೆದ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು, ಮತ್ತೆ ಒರೆಸಿ ಬರುತ್ತಿದ್ದೆ.

ಒಂದು ಸಂಜೆ ಆ ಹೊಗೆ ಅಪ್ಪನ ಕಣ್ಣಿಗೆ ಬಿತ್ತು.

"ಎಂತ ಮಾಡುದು ಅಲ್ಲಿ?"

ಕನ್ನಡಿಯನ್ನು ಹುಲ್ಲಿನೊಳಗೆ ತುರುಕಿ, ಅಂಗೈಯಿಂದ ತುಟಿ ಮುಚ್ಚಿ ನಿಂತೆ. ಮೀಸೆಯ ವಿಷಯ ಹೇಳುವುದಕ್ಕಿಂತ ಪೆಟ್ಟು ತಿನ್ನುವುದೇ ವಾಸಿ ಎನಿಸಿತು.

"ಬೀಡಿ ಸೇದಿದೆ," ಎಂದೆ.

ಅಪ್ಪ ಹೊಡೆಯಲಿಲ್ಲ. ನನ್ನನ್ನು ಜಗಲಿಗೆ ಎಳೆದುಕೊಂಡು ಹೋಗಿ, ಆ ದಿನ ನಾನು ಕಟ್ಟಿದ್ದನ್ನು ಎಣಿಸಿದರು. ಇಪ್ಪತ್ತೈದರ ನಲವತ್ತು ಕಟ್ಟು. ಬಿಚ್ಚಿ ಇನ್ನೊಮ್ಮೆ ಎಣಿಸಿದರು.

"ಸಾವಿರಕ್ಕೆ ಸಾವಿರ ಉಂಟಲ್ಲ. ನೀನು ಸೇದಿದ್ದು ಯಾವುದು ಮಾರಾಯ?"

"ಒಂದು ಹೆಚ್ಚು ಕಟ್ಟಿದ್ದೆ."

"ಸಾವಿರಕ್ಕೆ ಬೇಕಾದಷ್ಟೇ ಹೊಗೆಸೊಪ್ಪು ತೂಗಿ ಕೊಟ್ಟದ್ದು ನಾನು. ಸುಳ್ಳು!"

ನಿನ್ನೆಯವರೆಗೆ ಸೇದಿಲ್ಲ ಎಂದರೆ ನಂಬಲಿಲ್ಲ. ಇಂದು ಸೇದಿದೆ ಎಂದರೂ ನಂಬುವುದಿಲ್ಲ. ಮನುಷ್ಯ ಎಂತ ಮಾಡಬೇಕು?

ಅಷ್ಟರಲ್ಲಿ ಅಜ್ಜಿ ಮೂಸಲು ಬಂದರು. "ಕೈ ತೆಗೆ."

ತೆಗೆದೆ. ಕರಿ ಮೂಗಿನಿಂದ ಕಿವಿಯವರೆಗೆ ಹರಡಿತ್ತು. ಅಜ್ಜಿ ಹತ್ತಿರದಿಂದ ಮೂಸಿ, "ತೆಂಗಿನೆಣ್ಣೆ," ಎಂದರು.

ಅಮ್ಮ ಮೊರ ಬಿಟ್ಟು ಒಳಗೆ ಓಡಿದಳು. ಅವಳ ನಗು ಅಂಗಳದವರೆಗೆ ಕೇಳುತ್ತಿತ್ತು. ಅಪ್ಪ ಬಹಳ ಹೊತ್ತು ನನ್ನ ತುಟಿಯನ್ನೇ ನೋಡಿದರು.

"ಹನ್ನೊಂದು ಕೂದಲಿಗೆ ನಾನು ಇಷ್ಟು ದಿನ ಕಾವಲು ಕಾದದ್ದಾ?"

ಅವರೂ ಎಣಿಸಿಬಿಟ್ಟಿದ್ದರು.

ಮುಂದಿನ ಶನಿವಾರ ಬೀಡಿಯ ಗಂಟನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಒಬ್ಬನೇ ಹೋಗು. ಮುಖ ತೊಳೆದು ಹೋಗು."

ಕಂಡಕ್ಟರ್ ಅಂದೂ ಅರ್ಧ ಟಿಕೆಟ್ ಹರಿದ. ಪುತ್ತೂರಿನವರೆಗೂ ಅವನೊಡನೆ ಜಗಳ ಮಾಡಿ ಪೂರ್ತಿ ಟಿಕೆಟ್ ಪಡೆದೆ.

ಈಗ ನನಗೆ ಪುತ್ತೂರಿನಲ್ಲಿ ಮನೆ ಒಂದು, ಅಂಗಡಿ ಎರಡು, ಮಕ್ಕಳು ನಾಲ್ವರು, ಮೊಮ್ಮಕ್ಕಳು ಒಂಬತ್ತು ಮಂದಿ. ಮೀಸೆ ಒಂದು.