ತೊಳೆದಿಟ್ಟ ಆರು ಮಡಕೆ

ಅವಳನ್ನು ಎಲ್ಲರೂ ಜರಡಿಯಮ್ಮ ಎಂದೇ ಕರೆಯುತ್ತಾರೆ. ಹದಿನಾಲ್ಕನೆಯ ವಯಸ್ಸಿನಿಂದ ಕಟ್ಟಡದ ಕೆಲಸದಲ್ಲಿ ಮರಳು ಜರಡಿ ಹಿಡಿದವಳು. ಇದು ಗೋಡೆಗೆ, ಇದು ಗಿಲಾವಿಗೆ ಎಂದು ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಆಡಿಸಿಯೇ ಹೇಳಿಬಿಡುತ್ತಾಳೆ. ಅವಳು ಜರಡಿ ಹಿಡಿದ ಮರಳಿನಲ್ಲಿ ಕಲ್ಲು ಕಂಡರೆ ಕಲ್ಲನ್ನು ಎಸೆಯಬೇಡಿ, ಕಂಡವನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ ಎಂದು ಮೇಸ್ತ್ರಿಗಳು ತಮಾಷೆ ಮಾಡುತ್ತಿದ್ದರು.

ಹಳೆಯ ಸೇತುವೆಯ ಈ ದಡದಲ್ಲಿ, ರಸ್ತೆಗಿಂತ ಮೂರು ಮೆಟ್ಟಿಲು ತಗ್ಗಿನಲ್ಲಿ ಅವಳ ಮನೆಯಿತ್ತು. ಆ ಸೇತುವೆ ಕಟ್ಟಿದ ಕಲ್ಲುಕುಟಿಗರಲ್ಲಿ ಅವಳ ಅಜ್ಜನೂ ಒಬ್ಬ. ಕೆಲಸ ಮುಗಿದ ಮೇಲೆ ಉಳಿದ ಕಲ್ಲುಗಳಲ್ಲಿ ಎರಡು ಕೋಣೆ ಎಬ್ಬಿಸಿಕೊಂಡು ಅವನು ಅಲ್ಲೇ ನಿಂತುಬಿಟ್ಟ. ಜರಡಿಯಮ್ಮ ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದಾಗ ಅಕ್ಕ ಬಾಗಿಲು ತೆರೆದಳು, ಒಂದು ಮಾತೂ ಕೇಳಲಿಲ್ಲ. ಮುಂದೆ ಅಕ್ಕನ ದೃಷ್ಟಿ ವರ್ಷ ವರ್ಷಕ್ಕೂ ಸಣ್ಣಗಾಗಿ, ನಲವತ್ತು ತುಂಬುವ ಹೊತ್ತಿಗೆ ಪೂರ್ತಿ ಹೋಯಿತು. ತಂಗಿಯೇ ಅಕ್ಕನ ಕಣ್ಣು ಎಂದು ಜನ ಹೊಗಳುತ್ತಿದ್ದರು. ಅಕ್ಕ ಒಪ್ಪುತ್ತಿರಲಿಲ್ಲವಂತೆ. ನನ್ನ ಕಣ್ಣು ಈ ಮನೆ, ಇವಳಲ್ಲ. ಇವಳಿಗೆ ಮೂಗಿನ ತುದೀಲಿ ಕೋಪ, ಮನೆಗೆ ಕೋಪ ಇಲ್ಲ ಎನ್ನುತ್ತಿದ್ದಳಂತೆ.

ಅದು ನಿಜವೇ ಆಗಿತ್ತು. ಆ ಮನೆಯೊಳಗೆ ಅಕ್ಕ ಒಲೆ ಹಚ್ಚುತ್ತಿದ್ದಳು, ತರಕಾರಿ ಹೆಚ್ಚುತ್ತಿದ್ದಳು, ಹಿತ್ತಲ ನಲ್ಲಿಯಿಂದ ನೀರು ಹಿಡಿದು ಒಂದು ತೊಟ್ಟು ತುಳುಕಿಸದೆ ತರುತ್ತಿದ್ದಳು. ಗೋಡೆಯ ಯಾವ ಕಲ್ಲು ಒರಟು, ಯಾವುದು ನುಣುಪು ಎಂಬುದು ಅವಳ ಬೆರಳಿಗೆ ಬಾಯಿಪಾಠ. ಹೊಸಬರು ಬಂದರೆ ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದರು, ಅವಳಿಗೆ ಕಾಣದೆಂಬುದು ಗೊತ್ತೇ ಆಗುತ್ತಿರಲಿಲ್ಲ. ಕರೆಂಟು ಹೋದಾಗ ಅವಳಿಗೆ ಎಲ್ಲಿಲ್ಲದ ಉತ್ಸಾಹ. ಈಗ ಎಲ್ಲರೂ ಸಮಾನ, ಬನ್ನಿ, ದಾರಿ ನಾನು ತೋರಿಸ್ತೀನಿ ಎಂದು ಬಂದವರ ಕೈ ಹಿಡಿಯುತ್ತಿದ್ದಳು.

ಇದೆಲ್ಲ ನಡೆಯುತ್ತಿದ್ದದ್ದು ಒಂದೇ ಒಂದು ನೇಮದ ಮೇಲೆ. ಆ ಮನೆಯಲ್ಲಿ ಯಾವ ವಸ್ತುವೂ ತನ್ನ ಜಾಗ ಬಿಟ್ಟು ಕದಲಬಾರದು. ಬೆಂಕಿಪೊಟ್ಟಣ ಒಲೆಯ ಎಡಕ್ಕೆ ಎಂದರೆ ಎಡಕ್ಕೆ, ಅದೂ ಗೋಡೆಯಿಂದ ನಾಲ್ಕು ಬೆರಳು. ಒಮ್ಮೆ ಪಕ್ಕದ ಓಣಿಯ ಹೆಂಗಸು ಕೂತೆದ್ದ ಮಣೆಯನ್ನು ಒಂದು ಗೇಣು ಸರಿಸಿ ಹೋಗಿದ್ದಳು. ಅಕ್ಕ ಎಡವಿ ಬಿದ್ದು ಹುಬ್ಬು ಒಡೆದುಕೊಂಡಳು. ಆ ಹೆಂಗಸಿನ ಜೊತೆ ಜರಡಿಯಮ್ಮ ಒಂದು ವರ್ಷ ಮಾತು ಬಿಟ್ಟಿದ್ದಳು.

ಹೊಸ ಸೇತುವೆ ಬೇಡ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಹಳೆಯದು ಒಂದು ಲಾರಿಯಷ್ಟೇ ಅಗಲ. ಎದುರಿನಿಂದ ಇನ್ನೊಂದು ಬಂದರೆ ಯಾರು ಹಿಂದೆ ಹೋಗಬೇಕೆಂಬ ಜಗಳ ಅವಳ ಅಡುಗೆಮನೆಗೇ ಕೇಳಿಸುತ್ತಿತ್ತು. ಒಂದು ವರ್ಷ ನದಿ ಉಕ್ಕಿ ಸೇತುವೆಯ ಮೇಲೇ ಹರಿಯಿತು. ಆಚೆ ದಡದ ತುಂಬು ಬಸುರಿಯೊಬ್ಬಳು ಆಸ್ಪತ್ರೆಗೆ ದಾಟಲಾಗದೆ ಗಾಡಿಯಲ್ಲೇ ಪ್ರಾಣಬಿಟ್ಟಳು. ಅವಳ ತಾಯಿ ಕೂಗಿದ್ದನ್ನು ಅಕ್ಕತಂಗಿಯರಿಬ್ಬರೂ ಈಚೆ ದಡದಿಂದ ಕೇಳಿದ್ದರು. ಹಾಗಾಗಿ ಸೇತುವೆ ಬರಲಿ ಎಂದೇ ಅವರ ಪ್ರಾರ್ಥನೆ. ಬೇಕಾಗಿದ್ದದ್ದು ಇಷ್ಟೇ, ರಸ್ತೆ ತಮ್ಮ ಮನೆಯ ಮೇಲೆ ಹಾಯಬಾರದು. ಆದರೆ ಇಂಜಿನಿಯರ್ ಜೀಪಿನ ಮೇಲೆ ನಕ್ಷೆ ಹರಡಿ ತೋರಿಸಿದಾಗ, ಮನೆ ಇರಬೇಕಾದ ಕಡೆ ಎರಡು ಉದ್ದ ಗೆರೆಗಳಿದ್ದವು. ಬಲಕ್ಕೆ ನಲವತ್ತು ಅಡಿ ಸರಿದರೆ ಬರೀ ಮುಳ್ಳುಪೊದೆಯ ಸರ್ಕಾರಿ ಜಾಗ. ಅಲ್ಲಿಗೆ ಸರಿಸಬಾರದೇ ಎಂದು ಅವಳು ಕೇಳಿದಳು. ರಸ್ತೆಗೆ ತಿರುವು ಬರುತ್ತದೆ, ನಕ್ಷೆ ಮೇಲಿನವರೆಗೂ ಹೋಗಿ ಸಹಿಯಾಗಿ ಬಂದಿದೆ, ಸುಮ್ಮಸುಮ್ಮನೆ ಬದಲಿಸಲಾಗದು ಎಂದು ಅವರು ಸಮಾಧಾನವಾಗಿಯೇ ಹೇಳಿದರು.

ಬದಲಿಸಲು ಒಂದೇ ಒಂದು ದಾರಿಯಿತ್ತು. ಅದು ಅವಳಿಗೆ ತಿಳಿದದ್ದು ಉತ್ಖನನದ ಮೇಡಂ ಬಂದ ಮೇಲೆ. ಇಂಥ ಹಳೆಯ ದಾಟುದಾರಿಗಳಲ್ಲಿ ಹೊಸ ಸೇತುವೆಗೆ ತಳ ತೋಡುವ ಮೊದಲು, ನೆಲದಡಿ ಹಿಂದಿನವರ ಕುರುಹು ಏನಾದರೂ ಇದೆಯೇ ಎಂದು ನೋಡಬೇಕೆಂಬುದು ನಿಯಮ. ಏನಾದರೂ ಸಿಕ್ಕಿದರೆ ಆ ಜಾಗವನ್ನು ಮುಟ್ಟುವಂತಿಲ್ಲ, ರಸ್ತೆಯೇ ಸರಿಯಬೇಕು. ಮೇಡಂಗೆ ಮೂರು ವಾರ ಕೊಟ್ಟಿದ್ದರು, ಏಳು ಗುಂಡಿ. ಅಗೆಯಲು ನಾಲ್ವರು ಗಂಡಸರು, ತೆಗೆದ ಮಣ್ಣನ್ನು ಜರಡಿ ಹಿಡಿಯಲು ಊರಿಗೆಲ್ಲ ಹೆಸರಾದ ಜರಡಿಯಮ್ಮ.

ಮೊದಲ ದಿನವೇ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದ್ದರು, ಏನು ಕಂಡರೂ ಕೈ ಹಚ್ಚಬೇಡಿ, ನನ್ನನ್ನು ಕೂಗಿ. ಎಲ್ಲರೂ ತಲೆಯಾಡಿಸಿದರು. ಅವಳೂ ಆಡಿಸಿದಳು. ಆದರೆ ತನಗೆ ಬೇಕಾದ ಮಾತು ಅವಳ ಕಿವಿಗೆ ಬಿದ್ದದ್ದು ಒಂದೇ, ಸಿಕ್ಕಿದರೆ ರಸ್ತೆ ಸರಿಯುತ್ತದೆ. ಅಂದಿನಿಂದ ದಿನವೂ ಬೆಳಿಗ್ಗೆ ದೀಪದ ಮುಂದೆ ಕೂತು, ತಂದೆ, ಒಂದು ಚೂರು ತೋರಿಸು ಎಂದು ಬೇಡುತ್ತಿದ್ದಳು. ಆರು ಗುಂಡಿಗಳಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ಲಾಳ, ಬಾಟಲಿಯ ಚೂರು, ಯಾರದೋ ಚಪ್ಪಲಿಯ ಹಿಮ್ಮಡಿ.

ಏಳನೆಯದು ಅವಳ ಹಿತ್ತಲ ಬೇಲಿಯಿಂದ ಹತ್ತು ಹೆಜ್ಜೆ. ಕಡೆಯ ದಿನ ಅದು. ಸಂಜೆಗೆ ಗುಂಡಿ ಮುಚ್ಚಲು ಯಂತ್ರ ತಂದು ನಿಲ್ಲಿಸಿದ್ದರು. ಮಧ್ಯಾಹ್ನ ಅಗೆಯುವವರು ಊಟಕ್ಕೆಂದು ಸೇತುವೆಯ ಕಮಾನಿನ ನೆರಳಿಗೆ ಹೋದರು. ಮೇಡಂ ಆಚೆ ದಡದಲ್ಲಿ ಇಂಜಿನಿಯರ್ ಜೊತೆ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಮಣ್ಣು ತರಲು ಇಳಿದವಳಿಗೆ ಒಂದು ಚಪ್ಪಡಿ ಅಲುಗಿದ್ದು ಕಾಲಿಗೆ ತಿಳಿಯಿತು. ಎತ್ತಿ ನೋಡಿದಳು. ಕೆಳಗೆ ಆರು ಮಡಕೆಗಳು. ಬೋರಲು. ಒಂದೇ ಸಾಲಿನಲ್ಲಿ, ಯಾರೋ ನಿನ್ನೆ ತಾನೇ ಜೋಡಿಸಿಟ್ಟು ಹೋದ ಹಾಗೆ.

ಎರಡು ಸಲ ಕೂಗಿದಳಂತೆ. ಸೇತುವೆಯ ಮೇಲೆ ಲಾರಿಗಳ ಹಾರನ್ನಿನಲ್ಲಿ ಅವಳ ದನಿ ಎಲ್ಲಿ ಕೇಳಬೇಕು? ಆ ದಿನ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನದಿ ಏರಿದಂತೆ ಗುಂಡಿಯ ತಳದಲ್ಲಿ ಒರತೆ ಎದ್ದು, ನೀರು ನೋಡನೋಡುತ್ತ ಮಡಕೆಗಳ ಬಾಯಿಗೆ ಬಂತು. ಗುಂಡಿಯ ಬದಿ ಕುಸಿದು ಮಡಕೆಗಳು ನುಚ್ಚಾದಾವು ಎಂದು ಅವಳಿಗೆ ಭಯ. ಓಡಿ ಸೇತುವೆ ದಾಟಿ ಬರುವಷ್ಟರಲ್ಲಿ ಇದೂ ಹೋದರೆ? ದೇವರು ಕೊಟ್ಟದ್ದನ್ನು ನೋಡುತ್ತ ನಿಲ್ಲುವುದೇ? ಒಂದೊಂದನ್ನೇ ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿದ ಹಾಗೆ ಎತ್ತಿ ಮೇಲಿಟ್ಟಳು.

ಅಷ್ಟಕ್ಕೇ ನಿಂತಿದ್ದರೂ ಏನೋ ಆಗುತ್ತಿತ್ತು. ಆದರೆ ಕೆಸರು ಮೆತ್ತಿದ ಪಾತ್ರೆಯನ್ನು ಇನ್ನೊಬ್ಬರ ಮುಂದೆ ಇಟ್ಟು ಅವಳಿಗೆ ಅಭ್ಯಾಸವಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಒಳಗೂ ಹೊರಗೂ ಮೆಲ್ಲಗೆ ಉಜ್ಜಿ ತೊಳೆದಳು. ಒಳಗಿದ್ದ ಕಪ್ಪು ಮಣ್ಣು, ಅದರಲ್ಲಿದ್ದ ಕಾಳಿನಂಥದ್ದು, ಸಣ್ಣ ಎಲುಬಿನಂಥದ್ದು ಎಲ್ಲ ನೀರಿನೊಂದಿಗೆ ಬಚ್ಚಲ ಮೋರಿ ಸೇರಿತು. ಆಮೇಲೆ ಗುಂಡಿಯ ಬಳಿ ಗೋಣಿಚೀಲ ಹಾಸಿ, ಇದ್ದ ಸಾಲಿನಲ್ಲೇ ಬೋರಲು ಹಾಕಿ, ಕಾದು ಕೂತಳು. ಇಷ್ಟು ವರ್ಷದಲ್ಲಿ ಅಷ್ಟು ಸಂತೋಷ ತನಗೆ ಆದದ್ದಿಲ್ಲ ಎಂದು ನನ್ನ ಹತ್ತಿರ ಹೇಳಿದಳು.

ಮೇಡಂ ಬಂದವರು ಚೀಲದ ಮುಂದೆ ನಿಂತರು. ಮುಖ ಅರಳಿತು, ಮರುಗಳಿಗೆಯಲ್ಲೇ ಬಾಡಿತು.

"ಎಲ್ಲಿತ್ತಮ್ಮ ಇದು?"

"ಏಳನೇ ಗುಂಡೀಲಿ ಮೇಡಂ. ಸಾಲಾಗಿ, ಬೋರಲು. ಮೇಲೆ ಚಪ್ಪಡಿ ಮುಚ್ಚಿತ್ತು."

"ಒಳಗೆ ಮಣ್ಣಿತ್ತಾ?"

"ಇತ್ತು. ಕಪ್ಪಗೆ. ಚೆನ್ನಾಗಿ ತೊಳೆದಿದ್ದೀನಿ, ಒಂದು ಕಣ ಉಳಿದಿಲ್ಲ ನೋಡಿ."

ಮೇಡಂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಕಿವಿ ಕೊಟ್ಟು ಕೇಳಿ ಮುಗಿಸಬಹುದಿತ್ತು ಎಂದು ಜರಡಿಯಮ್ಮ ಈಗಲೂ ಹೇಳುತ್ತಾಳೆ.

"ವಸ್ತು ದೊಡ್ಡದಲ್ಲಮ್ಮ. ಅದು ಎಲ್ಲಿತ್ತು, ಹೇಗಿತ್ತು ಅನ್ನೋದು ದೊಡ್ಡದು. ಅದನ್ನ ನಾನು ಕಣ್ಣಾರೆ ನೋಡಬೇಕಿತ್ತು."

ಈ ಮಾತನ್ನು ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಇಪ್ಪತ್ತಾರು ವರ್ಷ ಬೆಂಕಿಪೊಟ್ಟಣವನ್ನು ಬೆರಳಷ್ಟೂ ಸರಿಸದೆ ಬಾಳಿದವಳಿಗೆ, ಜಾಗ ಎಂದರೇನೆಂದು ಆ ಮೇಡಂಗಿಂತ ಹೆಚ್ಚು ಗೊತ್ತಿತ್ತು.

"ಇದ್ದ ಹಾಗೇ ಮತ್ತೆ ಇಟ್ಟುಕೊಡ್ತೀನಿ ಮೇಡಂ. ಕೂದಲೆಳೆ ತಪ್ಪಲ್ಲ. ನನಗೆ ಅದೇ ಅಭ್ಯಾಸ."

"ನೀವು ಇಡ್ತೀರಿ, ನನಗೆ ಗೊತ್ತು. ಆದರೆ ಆಮೇಲೆ ಅದು ನೀವು ಇಟ್ಟಿದ್ದೇ ಆಗುತ್ತಲ್ಲಮ್ಮ."

ಇಂಜಿನಿಯರ್ ಬಂದು ಒಂದು ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆ ಎದುರಿನ ಮನೆ ಇವರದೇ ಅಲ್ಲವೇ ಎಂದು ಕೇಳಿದರು. ಅಗೆಯುವವನೊಬ್ಬ ಅವಳತ್ತ ಗದ್ದ ತಿರುಗಿಸಿ ಹೌದೆಂದ. ನಾನೇನೂ ಹೇಳೋದಿಲ್ಲಮ್ಮ, ಆದರೆ ನೀವೇ ತಂದಿಟ್ಟದ್ದಲ್ಲವೇ ಅಂತ ಮೇಲಿನವರು ಕೇಳೇ ಕೇಳ್ತಾರೆ ಎಂದು ಇಂಜಿನಿಯರ್ ತಲೆ ತಗ್ಗಿಸಿದರು. ಯಂತ್ರದ ಡ್ರೈವರ್ ಮಾತ್ರ ನಗೆ ತಡೆಯದೆ ಹೇಳಿದ. "ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ. ನಮ್ಮಮ್ಮ ಆ ಇಲಿಗೆ ಸ್ನಾನಾನೂ ಮಾಡಿಸಿದಾಳೆ." ಎಲ್ಲರೂ ನಕ್ಕರು. ಅವಳೂ ನಕ್ಕಳಂತೆ. ಎಲ್ಲರೂ ನಗುವಾಗ ತಾನೂ ನಕ್ಕುಬಿಡುವುದು ಕೂಲಿಯವರಿಗೆ ಬಂದುಬಿಟ್ಟಿರುತ್ತದೆ.

ಮೇಡಂ ಕೈಲಾದದ್ದನ್ನು ಮಾಡಿದರು. ಫೋನಿನಲ್ಲಿ ಬೇಡಿಕೊಂಡು ಇನ್ನೆರಡು ದಿನ ಪಡೆದರು. ಪಂಪು ತಂದು ನೀರು ಎತ್ತಿಸಿದರು. ಅಷ್ಟರಲ್ಲಿ ಗುಂಡಿಯ ಬದಿ ಕುಸಿದಿತ್ತು, ಮಡಕೆ ಊರಿದ್ದ ಗುರುತು ಕೆಸರಾಗಿತ್ತು. ಸುತ್ತ ಅಗೆದರೆ ಸಿಕ್ಕಿದ್ದು ನದಿ ತಂದ ಮೆಕ್ಕಲು ಮಣ್ಣು. ವರದಿಯಲ್ಲಿ ಬರೆದದ್ದು ಒಂದೇ ಸಾಲು. ಆರು ಮಡಕೆಗಳು, ತೊಳೆದ ಸ್ಥಿತಿಯಲ್ಲಿ, ಇದ್ದ ಸ್ಥಳ ಖಚಿತಪಟ್ಟಿಲ್ಲ. ಅದನ್ನು ಮೇಡಂ ಅವಳಿಗೆ ತಾವೇ ಓದಿ ಹೇಳಿದರು. ಸುಳ್ಳು ಬರೆಯಲು ನನ್ನಿಂದ ಆಗಲಿಲ್ಲಮ್ಮ ಎಂದರು. ಬರೆಯಬೇಡಿ ಎಂದಳು ಇವಳು.

ನಾಲ್ಕು ತಿಂಗಳ ಮೇಲೆ ಮನೆ ಬಿತ್ತು. ಅಕ್ಕತಂಗಿಯರಿಗೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಕೊಟ್ಟರು. ನಮ್ಮದು ಅದೇ ಸಾಲು, ಎರಡು ಬಾಗಿಲು ಆಚೆ. ಹದಿನಾರು ಬಾಗಿಲು, ಎಲ್ಲವೂ ಒಂದೇ ಅಚ್ಚು. ಗೋಡೆಗೆ ನುಣ್ಣನೆ ಸಿಮೆಂಟು, ಎಲ್ಲಿ ಮುಟ್ಟಿದರೂ ಒಂದೇ ತಣುಪು. ಈ ಕೋಣೆಗೆ ಮೂಲೆಯೇ ಇಲ್ಲವಲ್ಲೇ ಎಂದಳಂತೆ ಅಕ್ಕ ಮೊದಲ ದಿನ. ಜರಡಿಯಮ್ಮ ಎಲ್ಲವನ್ನೂ ಹಳೆಯ ಮನೆಯಲ್ಲಿದ್ದ ಹಾಗೇ ಇಡಲು ನೋಡಿದಳು. ಆದರೆ ಕಿಟಕಿ ಇದ್ದ ಕಡೆಯೇ ಒಲೆ ಇಡಬೇಕು, ಅದು ಎದುರು ಬದಿಗೆ ಬಂತು. ಅಕ್ಕನ ಕೈ ಬೆಂಕಿಪೊಟ್ಟಣಕ್ಕೆಂದು ಹೋಗಿ ಉರಿಗೆ ತಗುಲಿತು. ನೀರಿಗೆಂದು ಹೊರಟವಳು ಎರಡು ಸಲ ಬೇರೆಯವರ ಬಾಗಿಲು ಹೊಕ್ಕಳು. ಎರಡನೆಯ ಸಲ ಒಬ್ಬ ಗಂಡಸು ಯಾರೆಂದು ತಿಳಿಯದೆ ಗದರಿದ. ಆಮೇಲೆ ತಿಳಿದು ಕೈ ಮುಗಿದ, ಆದರೆ ಅಕ್ಕ ಅವತ್ತಿನಿಂದ ಮಂಚ ಬಿಟ್ಟು ಇಳಿಯಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅಕ್ಕನ ತಲೆ ಬಾಚುತ್ತಿದ್ದ ಜರಡಿಯಮ್ಮ ಇದ್ದಕ್ಕಿದ್ದಂತೆ ಬಾಚಣಿಗೆ ನಿಲ್ಲಿಸಿ, ಮನೆ ಹೋದದ್ದು ನನ್ನಿಂದ ಎಂದಳು. ಚಪ್ಪಡಿಯಿಂದ ಮೋರಿಯವರೆಗೆ ಎಲ್ಲ ಹೇಳಿದಳು. ಅಲ್ಲಿಯವರೆಗೆ ಅಕ್ಕನಿಗೆ ಅದು ಗೊತ್ತಿರಲಿಲ್ಲ. ಅಕ್ಕ ಕಡೆಯವರೆಗೂ ಕೇಳಿದಳು.

"ಕೆಸರು ಪಾತ್ರೆ ತಂದಿಟ್ಟಿದ್ದರೆ ನಾನೇ ಬೈತಿದ್ದೆ" ಎಂದಳು. ಆಮೇಲೆ, "ಇದು ಆಗಿ ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಎಂಟು ತಿಂಗಳು ಒಬ್ಬಳೇ ಇಟ್ಕೊಂಡಿದ್ಯಲ್ಲೇ."

ಇಬ್ಬರೂ ಅತ್ತು ಹಗುರಾಗುತ್ತಾರೆ ಎಂದು ನಾನು ಕಾದೆ. ಯಾರೂ ಅಳಲಿಲ್ಲ. ಜರಡಿಯಮ್ಮ ಜಡೆ ಹೆಣೆದು ಮುಗಿಸಿ, ಎದ್ದು ಬಾಗಿಲವರೆಗೆ ನಾಲ್ಕು ಹೆಜ್ಜೆ ಹಾಕೋಣವಾ, ನಾನು ಹಿಡ್ಕೋತೀನಿ ಎಂದು ಕೇಳಿದಳು.

"ಬೇಡ ಕಣೇ. ಹಿಡಿದು ನಡೆಸಿದ್ರೆ ಅದು ನಿನ್ನ ನಡಿಗೆ" ಎಂದು ಅಕ್ಕ ಗೋಡೆಯ ಕಡೆ ಹೊರಳಿದಳು.

ಹೊಸ ಸೇತುವೆ ಈಗ ತೆರೆದಿದೆ. ಎರಡು ಲಾರಿ ಅಕ್ಕಪಕ್ಕ ಹೋಗುತ್ತವೆ, ನೀರು ಅದರ ಹತ್ತಿರಕ್ಕೂ ಬರುವುದಿಲ್ಲ. ಜರಡಿಯಮ್ಮ ದೂರದ ಕೆಲಸ ಬಿಟ್ಟು, ಎರಡು ಬೀದಿ ಆಚೆ ಏಳುತ್ತಿರುವ ಕಟ್ಟಡದಲ್ಲಿ ಮರಳು ಜರಡಿ ಹಿಡಿಯುತ್ತಾಳೆ. ದೇವರನ್ನು ಅವಳು ದೂರುವುದಿಲ್ಲ. ಅವನು ಕೊಟ್ಟ, ನನಗೆ ತಗೊಳ್ಳೋಕೆ ಬರಲಿಲ್ಲ ಎನ್ನುತ್ತಾಳೆ. ಮೊದಮೊದಲು ಅಕ್ಕ ಏನಾದರೂ ಬೇಕಾದರೆ ಕೂಗುತ್ತಿದ್ದಳು, ನಮ್ಮಲ್ಲಿ ಯಾರಾದರೂ ಹೋಗುತ್ತಿದ್ದೆವು. ಈಗ ಕೂಗುವುದನ್ನೂ ಬಿಟ್ಟಿದ್ದಾಳೆ. ಬೆನ್ನು ಹುಣ್ಣಾಗಬಾರದೆಂದು ಜರಡಿಯಮ್ಮ ಮಧ್ಯಾಹ್ನ ಕೈತೊಳೆದು ಬರುತ್ತಾಳೆ, ಅಕ್ಕನ ಮಗ್ಗುಲು ಬದಲಿಸುತ್ತಾಳೆ, ಮತ್ತೆ ಕೆಲಸಕ್ಕೆ ಹೋಗುತ್ತಾಳೆ.