ತಟ್ಟೆಗೂ ತೀರ್ಥ

ಅರವತ್ತರ ದಶಕದ ಮೈಸೂರಿನಲ್ಲಿ ಹೊಳೆನೀರಿನ ಸೂಕ್ಷ್ಮಜೀವಿಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ ನೋಡುವುದೇ ನನ್ನ ಉದ್ಯೋಗ. ತಟ್ಟೆಯ ಮುಚ್ಚಳ ತೆರೆದು ಉಸಿರುಬಿಟ್ಟವರನ್ನೂ ನಮ್ಮ ಪ್ರೊಫೆಸರರು ವರ್ಷವಿಡೀ ಬೈಯುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಅವರೇ ಮಡಿಪಂಚೆಯುಟ್ಟು ಬಂದು, ಸೂಕ್ಷ್ಮದರ್ಶಕಕ್ಕೆ ಕುಂಕುಮವಿಟ್ಟು, ಮಾವಿನೆಲೆಯಿಂದ ಪ್ರಯೋಗಾಲಯಕ್ಕೆಲ್ಲ ಕಾವೇರಿ ತೀರ್ಥ ಚಿಮುಕಿಸುತ್ತಿದ್ದರು. ಒಂದು ವರ್ಷ ನನ್ನ ತಟ್ಟೆಗಳ ಮುಚ್ಚಳವನ್ನೂ ಎತ್ತಿದರು. ಅವುಗಳಿಗೆ ನಾನಿನ್ನೂ ಹೊಳೆನೀರು ಹಾಕಿರಲಿಲ್ಲ.

"ಒಳಗೆ ಬೇಡ ಸಾರ್!" ಎಂದೆ.

"ತೀರ್ಥ ಕಣ್ರೀ, ಚರಂಡಿ ನೀರಲ್ಲ," ಎಂದು ಗದರಿದರು.

ದಸರಾ ರಜೆ ಮುಗಿಸಿ ಬಂದರೆ ತಟ್ಟೆಗಳ ತುಂಬ ಹಳದಿ, ಬಿಳಿ ಚುಕ್ಕೆಗಳು ರಂಗೋಲಿ ಹಾಕಿದ್ದವು. ಕೆಟ್ಟುಹೋದ ತಟ್ಟೆಗಳನ್ನು ತೊಳೆಯಲು ಎತ್ತಿಕೊಂಡೆ. ಪ್ರೊಫೆಸರರು ಬೆನ್ನು ತಟ್ಟಿದರು. "ನೋಡಿದ್ರಾ? ಹೊಳೆನೀರು ಹಾಕೋಕ್ಮುಂಚೇನೇ ಬೆಳೆದ್ಬುಟ್ಟಿವೆ. ಪೂಜೆ ಫಲ ಕಣ್ರೀ!"

ಮರುವರ್ಷ ತೀರ್ಥ ತರುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಬಾಗಿಲು ಹಾಕಿಕೊಂಡು, ಮಾವಿನೆಲೆಯನ್ನೂ ಸೇರಿಸಿ ಕಾವೇರಿಯನ್ನು ಕೊತಕೊತ ಕುದಿಸಿ, ಆರಿಸಿ, ಭಕ್ತಿಯಿಂದ ಅವರ ಕೈಗಿತ್ತೆ. ರಜೆ ಮುಗಿದಾಗ ತಟ್ಟೆಗಳು ಕನ್ನಡಿಯಂತೆ ಫಳಫಳಿಸುತ್ತಿದ್ದವು. ಪ್ರೊಫೆಸರರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ನಿಟ್ಟುಸಿರಿಟ್ಟರು.

"ಈ ಸಲ ನಿಮಗೆ ಭಕ್ತಿ ಸಾಲದಾಯ್ತು ಕಣ್ರೀ."