ನಾಲ್ಕು ರಾತ್ರಿ ಕೇಳಿದವಳು

"ನಾಲ್ಕು ರಾತ್ರಿಯಾ? ಅಲ್ಲಿ ಎಂತ ಉಂಟು ಮಾರಾಯ್ತಿ, ನಾಲ್ಕು ರಾತ್ರಿ ಇರ್ಲಿಕ್ಕೆ? ಮಂಗ, ಕುದುರೆ, ಕೆಂಪು ಧೂಳು. ಬೆಳಿಗ್ಗೆ ಹೋಗಿ ಸಂಜೆ ಬರ್ಬಹುದು."

ನನ್ನ ಗಂಡ ಹೀಗೆ ಅಂದದ್ದು ಮಾಥೇರಾನ್ ಬಗ್ಗೆ. ಡೊಂಬಿವಲಿಯಲ್ಲಿ ಕರ್ಜತ್ ಲೋಕಲ್ ಹತ್ತಿ ನೇರಳದಲ್ಲಿ ಇಳಿದರೆ ತಲೆಯ ಮೇಲೇ ಕಾಣುವ ಗುಡ್ಡದ ಊರು ಅದು. ಬ್ರಿಟಿಷರು ಬೇಸಿಗೆ ಕಳೆಯಲು ಕಟ್ಟಿಸಿದ ಬಂಗಲೆಗಳು ಅಲ್ಲಿ ಇನ್ನೂ ನಿಂತಿವೆ. ಮೋಟಾರು ಗಾಡಿಗಳಿಗೆ ಊರೊಳಗೆ ಪ್ರವೇಶವಿಲ್ಲ. ಇಷ್ಟು ಹತ್ತಿರವಿದ್ದೂ, ಮದುವೆಯಾಗಿ ಡೊಂಬಿವಲಿಗೆ ಬಂದ ಹದಿನೆಂಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ಇದು ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು.

ನಾಲ್ಕೇ ಯಾಕೆ ಅಂದರೆ ನನ್ನ ಹತ್ತಿರ ಲೆಕ್ಕವಿತ್ತು. ಮೊದಲನೆಯ ರಾತ್ರಿ ಮನೆ ಮರೆಯುವುದರಲ್ಲಿ ಹೋಗುತ್ತದೆ, ಕೊನೆಯ ರಾತ್ರಿ ಮನೆ ನೆನಪು ಮಾಡಿಕೊಳ್ಳುವುದರಲ್ಲಿ. ನಡುವೆ ಎರಡಾದರೂ ನನ್ನದು ಅಂತ ಉಳಿಯಬೇಡವೇ?

ಗಂಡನದು ಠಾಣೆಯ ಕೋಪರಿಯಲ್ಲಿ ಸಣ್ಣ ಹೋಟೆಲು. ಬೆಳಗಿನ ಮೊದಮೊದಲ ಲೋಕಲಿಗೇ ಅವರು ಹೊರಡಬೇಕು. ಐದಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ಆಗ ಹಿಡಿದರೆ ಹಿಡಿದೆ, ಇಲ್ಲದಿದ್ದರೆ ಇಡೀ ದಿನ ಒದ್ದಾಟ. ಆಮೇಲೆ ಮಗಳ ಡಬ್ಬಿ, ಅತ್ತೆಯ ಪಥ್ಯದ ಗಂಜಿ. ಮಾವ ತೀರಿಕೊಂಡರೂ ಅವರು ಹಾಕಿಟ್ಟ ಒಂದು ಪದ್ಧತಿ ತೀರಲಿಲ್ಲ: ಹೋಟೆಲಿನ ಸಾಂಬಾರು ಪುಡಿಯನ್ನು ಮನೆಯಲ್ಲೇ ಹುರಿಯಬೇಕು. ವಾರಕ್ಕೆರಡು ಸಲ ಆ ಮೆಣಸಿನ ಘಾಟಿನಲ್ಲಿ ನಿಂತು ನಿಂತು ನನ್ನ ತಲೆಕೂದಲೂ ಹೋಟೆಲಿನ ವಾಸನೆ ಹೊಡೆಯುತ್ತಿತ್ತು.

ರಜೆ ಅಂದರೆ ನಮ್ಮವರಿಗೆ ಊರು, ಮತ್ತೇನಲ್ಲ. ಮೇ ತಿಂಗಳು ಬಂತೋ, ಉಡುಪಿ ಕಡೆಯವರೆಲ್ಲ ಮೂಟೆ ಕಟ್ಟಿ ರೈಲು ಹತ್ತುತ್ತಾರೆ. ನಾಗನಿಗೆ ತಂಬಿಲದ ಪೂಜೆ, ದೈವಕ್ಕೆ ಕೋಲ, ನಡುವೆ ಮೂರು ಮದುವೆ. ಗಂಡಸರು ಜಗಲಿಯಲ್ಲಿ ಕೂತು ಮುಂಬೈಯನ್ನು ಬೈಯುತ್ತಾರೆ. ನನಗೆ ಅದು ಒಂದು ಅಡುಗೆಮನೆಯಿಂದ ಇನ್ನೊಂದು ಅಡುಗೆಮನೆಗೆ ವರ್ಗಾವಣೆ, ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಚೌಕಾಸಿ ಒಂದು ವಾರ ನಡೆಯಿತು. ಹೋಟೆಲಿನ ಅಡುಗೆ ಭಟ್ಟರು ರಜೆ ಹಾಕಿದ್ದಾರೆ ಅಂತ ಗಂಡ ಒಂದು ರಾತ್ರಿ ಕಡಿದರು. "ಮಮ್ಮಿ, ಇತ್ನೇ ದಿನ್ ವಹಾಂ ಕರೇಂಗೇ ಕ್ಯಾ?" ಅಷ್ಟು ದಿನ ಅಲ್ಲಿ ಮಾಡುವುದಾದರೂ ಏನು ಅಂತ ಮಗಳು ಟ್ಯೂಷನ್ ನೆವ ತೆಗೆದು ಇನ್ನೊಂದು ಕಡಿದಳು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ. ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಗಂಡ ಕೊನೆಯ ಬಾಣ ಬಿಟ್ಟಾಗ ಅತ್ತೆ ಒಳಗಿನಿಂದಲೇ ಅಂದರು, "ನಾನೂ ಬರ್ತೇನೆ." ನಾನು ಕಾದಿದ್ದ ಏಕಾಂತವೂ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಅಮ್ಮನಿಗೆ ಹೊರಗಿನ ಊಟ ಹೆಚ್ಚು ದಿನ ಆಗುವುದಿಲ್ಲ ಅಂತ ಗಂಡ ಇನ್ನೂ ಒಂದು ಕಡಿದು, ಕೊನೆಗೆ ಉಳಿದದ್ದು ಒಂದೇ ರಾತ್ರಿ.

ಒಂದು ಶನಿವಾರ ಹೋದೆವು. ಟ್ಯಾಕ್ಸಿ ನಿಲ್ಲುವಲ್ಲಿಂದ ಅತ್ತೆಯನ್ನು ಕೈಗಾಡಿಯಲ್ಲಿ ಕೂರಿಸಿದೆವು. ಇಬ್ಬರು ಎಳೆದರು, ಒಬ್ಬ ಹಿಂದಿನಿಂದ ನೂಕಿದ. ಗುಜರಾತಿ ದಂಪತಿಯ ಹಳೆಯ ಬಂಗಲೆಯಲ್ಲಿ ಕೋಣೆ. ಮುಂದೆ ಉದ್ದದ ವರಾಂಡ, ಬೆತ್ತದ ಕುರ್ಚಿಗಳು, ಸುತ್ತ ಮರ. ಹಾರ್ನ್ ಇಲ್ಲ ಅಂದರೆ ಇಲ್ಲ. ಗಂಡ ಮಾತ್ರ ಮೊಬೈಲು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ ಅಂಗಳ ಸುತ್ತಿದರು. "ಚಟ್ನಿ ಹಾಳಾಯ್ತಾ? ನಿನ್ನೆದ್ದು ಯಾಕೆ ಇಟ್ಟದ್ದು?" ಅಂತ ಕೋಪರಿಯ ಹೋಟೆಲಿಗೆ ಅಲ್ಲಿಂದಲೇ ಬೈದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಬ್ಯಾಗು ಕಟ್ಟಿ ಹೊರಗೆ ಬಂದರೆ ಅತ್ತೆ ಬೆತ್ತದ ಕುರ್ಚಿಯಿಂದ ಏಳಲಿಲ್ಲ.

"ನಾನು ಇವತ್ತು ಬರುದಿಲ್ಲ."

"ಎಂತ ಅಮ್ಮ ತಮಾಷೆ? ಏಳಿ, ಟ್ಯಾಕ್ಸಿ ಸಿಕ್ಕುದಿಲ್ಲ ಮತ್ತೆ."

"ತಮಾಷೆ ಅಲ್ಲ ಮಗಾ. ನೀನು ಹೋಗು."

"ಹಾಗಾದ್ರೆ ಎಷ್ಟು ದಿನ ಇರ್ಬೇಕು ನಿಮಗೆ?"

"ಈಗ ಕೇಳಿದ್ದಿಯಲ್ಲ, ಸಂತೋಷ. ನೋಡಿ ಹೇಳ್ತೇನೆ."

ಗಂಡ ನನ್ನ ಮುಖ ನೋಡಿದರು, ಇದೆಲ್ಲ ನಾನೇ ಹೇಳಿಕೊಟ್ಟದ್ದು ಅನ್ನುವ ಹಾಗೆ. ದೇವರಾಣೆ, ನನಗೇನೂ ಗೊತ್ತಿರಲಿಲ್ಲ. ಅರ್ಧ ಗಂಟೆ ಕೂಗಾಡಿ, ಅತ್ತೆಯ ಜೊತೆ ಇರಲು ನನ್ನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಇಳಿದು ಹೋದರು. ನಾನು ಅತ್ತು ಕರೆದು ಕೇಳಿದ್ದು ಅತ್ತೆಗೆ ಕೂತಲ್ಲೇ ಸಿಕ್ಕಿತು. ಹೊಟ್ಟೆ ಉರಿಯಿತು, ಖುಷಿಯೂ ಆಯಿತು.

ಖುಷಿ ಮಧ್ಯಾಹ್ನದವರೆಗೆ. ಊಟ ಯಾರೋ ಬಡಿಸಿದರು, ತಟ್ಟೆ ಯಾರೋ ಎತ್ತಿದರು. ಕೈಗೆ ಕೆಲಸವಿಲ್ಲದೆ ನಾನು ಕೋಣೆಯ ಚಾದರವನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಮರುದಿನ ಐದಕ್ಕೆ ಮೊದಲೇ ಎಚ್ಚರವಾಗಿ, ನೀರು ಬಂತಲ್ಲ ಅಂತ ಕತ್ತಲಲ್ಲಿ ಕಾಲು ನೆಲಕ್ಕಿಟ್ಟೆ. ಅತ್ತೆ ಎಂಟೂವರೆವರೆಗೆ ಗೊರಕೆ ಹೊಡೆದರು! ಎದ್ದವರೇ ಬಂಗಲೆಯ ಯಜಮಾನಿಯ ಜೊತೆ ಕೂತು ಹರಕು ಹಿಂದಿಯಲ್ಲಿ ಹರಟಲು ಶುರುಮಾಡಿದರು.

ನಾನು ಒಬ್ಬಳೇ ನಡೆದು ಗುಡ್ಡದ ಅಂಚಿಗೆ ಹೋದೆ. ಜನ ಕಣಿವೆಯ ಫೋಟೋ ತೆಗೆಯುತ್ತಿದ್ದರು. ಕೆಳಗೆ ದೂರದಲ್ಲಿ ಹಳಿ, ಅದರ ಮೇಲೆ ಹುಳದಷ್ಟು ಸಣ್ಣ ಲೋಕಲು. ಇದು ಕಲ್ಯಾಣದ ಕಡೆಗೆ, ನಮ್ಮ ಡೊಂಬಿವಲಿಗೆ ಹೋಗುವುದು, ಮುಂದಿನದೂ ಅದೇ ಕಡೆಗೆ ಅಂತ ನಾನು ಬರೀ ರೈಲು ನೋಡುತ್ತ ನಿಂತೆ. ಸಾಂಬಾರು ಪುಡಿ ಮುಗಿದಿರಬಹುದು. ಮಗಳು ಡಬ್ಬಿ ಒಯ್ದಳೋ ಇಲ್ಲವೋ. ಗ್ಯಾಸ್ ಸಿಲಿಂಡರ್ ಬರುವ ದಿನ ಬೇರೆ. ಥೂ, ಇದೆಂಥ ಹಣೆಬರಹ ಅಂತ ನನ್ನನ್ನೇ ಬೈದುಕೊಂಡೆ.

ಬಂಗಲೆಗೆ ಬಂದವಳೇ ಗಂಡನಿಗೆ ಫೋನು ಹಚ್ಚಿದೆ.

"ಪುಡಿ ಉಂಟಾ?" ಅಂದೆ.

"ಪುಡಿಯಾ? ಅಂಗಡಿಯಿಂದ ತರಿಸಿದೆ. ಗಿರಾಕಿಗಳಿಗೆ ಗೊತ್ತೇ ಆಗ್ಲಿಲ್ಲ ಮಾರಾಯ್ತಿ. ಮಗಳಿಗೂ ಊಟ ಹೋಟೆಲಿಂದ ಬರ್ತದೆ. ಟೆನ್ಶನ್ ಮಾಡ್ಬೇಡ. ನಾಲ್ಕು ರಾತ್ರಿ ಬೇಕು ಅಂದಿದ್ದಿ ಅಲ್ವಾ, ಇರು ಆರಾಮಾಗಿ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಹೇಳಿದರು. ಇದಕ್ಕಿಂತ ಒಂದು ಬೈಗುಳ ಬೈದಿದ್ದರೆ ನಾನು ಹಟಕ್ಕಾದರೂ ಅಲ್ಲಿ ಇರುತ್ತಿದ್ದೆ. ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲವಂತೆ! ಹದಿನೆಂಟು ವರ್ಷ ಕಣ್ಣು ಮೂಗು ಸುಟ್ಟುಕೊಂಡು ಹುರಿದದ್ದು ಯಾರಿಗಾಗಿ ಹಾಗಾದರೆ? ಕೋಣೆಗೆ ಹೋಗಿ ಬ್ಯಾಗು ತುಂಬತೊಡಗಿದೆ.

ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಎಲ್ಲಿಗೆ?"

"ಹೊರಡುವ ಅತ್ತೆ."

"ಯಾಕೆ? ಅವ ಕರೆದನಾ?"

"ಇಲ್ಲ."

"ಮತ್ತೆ?"

ನಾನು ಇನ್ನೊಂದು ಸೀರೆ ಮಡಚಿ ಬ್ಯಾಗಿಗೆ ತುರುಕಿದೆ. ಅತ್ತೆ ಮಂಚದ ಮೇಲೆ ಕೂತರು. ಆಮೇಲೆ ಅಂದರು, "ನಾನು ತವರಿಗೆ ಹೋದಾಗ ನಿನ್ನ ಮಾವ ಕೂಡ ಹೇಳ್ತಿದ್ದರು, ಇರು, ಒಂದು ತಿಂಗಳು ಇದ್ದು ಬಾ ಅಂತ. ನಾನೇ ಎರಡು ದಿನಕ್ಕೆ ಓಡಿ ಬರ್ತಿದ್ದೆ. ಇರ್ಲಿಕ್ಕೆ ಬರ್ತಿರ್ಲಿಲ್ಲ ನನಗೆ. ಈಗ ಎಪ್ಪತ್ತಕ್ಕೆ ಕಲೀತಾ ಇದ್ದೇನೆ. ನೀನು ಹೋಗುದಾದ್ರೆ ಹೋಗು, ನಾನು ಬರುದಿಲ್ಲ."

"ನಿಮ್ಮ ಸಕ್ಕರೆ ಮಾತ್ರೆ ಯಾರು ಕೊಡುದು?"

"ನುಂಗ್ಲಿಕ್ಕೆ ನನಗೆ ಬಾಯಿಲ್ವಾ?"

ನಾನು ಬ್ಯಾಗು ನೆಲಕ್ಕಿಟ್ಟೆ. ಮತ್ತೆ ಎತ್ತಿಕೊಂಡೆ. ಯಜಮಾನಿ ನಗುತ್ತ, ನಿಮ್ಮ ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ ಅಂದರು. ಅತ್ತೆ ಇನ್ನೂ ನಾಲ್ಕು ರಾತ್ರಿ ಅಲ್ಲೇ ಇದ್ದರು, ಕೊನೆಗೆ ಮಗನೇ ಹೋಗಿ ಕರೆತರಬೇಕಾಯಿತು. ನಾನು ಮಾತ್ರ ಅವತ್ತೇ ಕೆಂಪು ಧೂಳಿನ ದಾರಿಯಲ್ಲಿ ನಡೆದೆ. ಇರು ಅಂತ ಗಂಡನೇ ಹೇಳಿದ್ದರು, ಬಾ ಅನ್ನುವವರು ಒಬ್ಬರೂ ಇರಲಿಲ್ಲ. ಕಾಲು ಮಾತ್ರ ಸರಸರ ಇಳಿಯುತ್ತಿತ್ತು.

ಬಾಗಿಲು ತೆಗೆದ ಗಂಡ ಬೆರಗಾದರು. "ಇದೆಂತ? ನೀನೊಬ್ಬಳೇ ಬಂದದ್ದಾ?" ಅಂತ ಕೇಳಿದರು. ಮಗಳು ಟಿವಿಯಿಂದ ಕಣ್ಣು ತೆಗೆಯದೆ ಕೈ ಬೀಸಿದಳು. ನಾನು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದೆ. ಎಲ್ಲ ಒರೆಸಿ ಜೋಡಿಸಿಟ್ಟಿದ್ದರು, ಒಂದು ಲೋಟ ಕೂಡ ತೊಳೆಯಲು ಉಳಿದಿರಲಿಲ್ಲ.

"ಚಾ ಮಾಡ್ಲಾ?" ಅಂತ ಒಳಗಿನಿಂದ ಕೂಗಿದೆ.

"ಬೇಡ, ಈಗಷ್ಟೇ ಕುಡಿದೆವು," ಅಂದರು.

ನಾನು ಒಲೆಯ ಮೇಲೆ ಚಾಕ್ಕೆ ನೀರು ಇಟ್ಟೆ.